‘ಆರೋಪಿ’ ಎಂದರೆ ಆರೋಪ ಮಾಡಿದವನೇ, ಹೊತ್ತವನೇ? (ಗುರುವಾರದೊಳಗೆ ಬೇಕಾಗಿದೆ)

ಮಾನ್ಯರೇ,

ನಾನು ಹತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆಂದು ಮಕ್ಕಳೊಡನೆ ಗೋಡೆಹಾಳೆಯೊಂದನ್ನು ಸಿದ್ಧಪಡಿಸುತ್ತಿದ್ದು, ಗುರುವಾರ ಸಂಜೆ ಅದು ಮುದ್ರಣಕ್ಕೆ ಹೋಗಬೇಕು. ವಿಷಯ ಸಂವಿಧಾನದ 20 ಮತ್ತು 22ನೆಯ ವಿಧಿಗಳು, ಅಂದರೆ ಅಪರಾಧದ ಆರೋಪ ಹೊತ್ತವರಿಗೂ ಬಂಧಿತರಿಗೂ ಇರುವ ರಕ್ಷಣೆಗಳು. ತಲೆಬರಹವಾಗಿ ‘ಆರೋಪಿಯ ಹಕ್ಕುಗಳು’ ಎಂದು ಹಲಗೆಯ ಮೇಲೆ ಬರೆದ ಕೂಡಲೇ ಒಬ್ಬ ಹುಡುಗಿ ಎದ್ದು, “ಕಳ್ಳನಿಗೆ ವಕೀಲರು ಯಾಕೆ ಸಾರ್?” ಎಂದು ಕೇಳಿದಳು. ಆಕೆಯ ನೋಟ್‌ಬುಕ್ ನೋಡಿದರೆ ‘ಆರೋಪಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಅಪರಾಧಿ’ ಎಂದು ತಿದ್ದಿಕೊಂಡಿದ್ದಳು. ಆ ತಿದ್ದುಪಡಿ ನನ್ನನ್ನು ಕಾಡುತ್ತಿದೆ. ಈ ಎರಡನ್ನೂ ಮಕ್ಕಳು ಬೆರೆಸದಂತಹ ಪದ ಯಾವುದು? 20(3)ನೆಯ ವಿಧಿಗೆ ‘ಸ್ವಯಂ ದೋಷಾರೋಪಣೆಯ ವಿರುದ್ಧ ರಕ್ಷಣೆ’ ಎಂಬುದು ಸಾಕೇ?

ಉತ್ತರ 1

‘ಆರೋಪಿ’ ಎಂಬ ರೂಪವೇ ಅಶುದ್ಧ. ವಾದ ಮಾಡುವವನು ವಾದಿ, ಫಿರ್ಯಾದು ಕೊಡುವವನು ಫಿರ್ಯಾದಿ. ಹಾಗಿರುವಾಗ ಆರೋಪಿ ಎಂದರೆ ಆರೋಪ ಮಾಡುವವನೇ ಆಗಬೇಕು. ಆರೋಪಕ್ಕೆ ಗುರಿಯಾದವನು ‘ಆರೋಪಿತ’. ಪತ್ರಿಕೆಗಳ ತಪ್ಪನ್ನು ಶಾಲೆಯ ಗೋಡೆಗೆ ಅಂಟಿಸಬೇಡಿ.

ಉತ್ತರ 2

ಎರಡೂ ಸಂಸ್ಕೃತ, ಎರಡೂ ಬೇಡ. ‘ದೂರು ಹೊತ್ತವರು’ ಎನ್ನಿ. ಅಚ್ಚಗನ್ನಡದಲ್ಲಿ ಹೇಳಿದ್ದರೆ ಆ ಹುಡುಗಿಗೆ ಗೊಂದಲವೇ ಆಗುತ್ತಿರಲಿಲ್ಲ.

ಉತ್ತರ 3

ಮೇಷ್ಟ್ರೇ, ‘ಆರೋಪಿ’ ಶುದ್ಧವಾಗಿಯೇ ಇದೆ, ಅದನ್ನು ಉಳಿಸಿಕೊಳ್ಳಿ. ರೋಗ ಉಳ್ಳವನು ರೋಗಿ, ಧನ ಉಳ್ಳವನು ಧನಿ. ಹಾಗೆಯೇ ತನ್ನ ಮೇಲೆ ಆರೋಪ ಉಳ್ಳವನು ಆರೋಪಿ. ಇಲ್ಲಿರುವುದು ‘ಉಳ್ಳವನು’ ಎಂಬ ಅರ್ಥದ ಇನಿ ಪ್ರತ್ಯಯವೇ ಹೊರತು ‘ಮಾಡುವವನು’ ಎಂಬ ಅರ್ಥದ್ದಲ್ಲ. ‘ಆರೋಪಿತ’ಕ್ಕೆ ಕನ್ನಡದಲ್ಲಿ ‘ಇಲ್ಲದ್ದನ್ನು ಮೇಲೆ ಹೇರಿದ’ ಎಂಬ ಬೇರೆಯೇ ಛಾಯೆ ಇರುವುದರಿಂದ ಅದು ಇನ್ನೊಂದು ಗೊಂದಲಕ್ಕೆ ದಾರಿಯಾದೀತು. ‘ದೂರು ಹೊತ್ತವರು’ ಕೂಡ ಒಪ್ಪುವುದಿಲ್ಲ, ಏಕೆಂದರೆ ಠಾಣೆಯಲ್ಲಿ ದೂರು ಅಪರಿಚಿತರ ಮೇಲೂ ದಾಖಲಾಗುತ್ತದೆ, ಆಗ ಅದನ್ನು ಹೊತ್ತವರು ಯಾರೂ ಇರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿಯ ಗೊಂದಲ ಹುಟ್ಟಿದ್ದು ನಾಮಪದದಿಂದಲ್ಲ, ಅದರ ಹಿಂದೆ ಕೂರುವ ಕೃದಂತದಿಂದ (ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ರೂಪ) ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಸರ ಕದ್ದಿದ್ದ ಆರೋಪಿಯ ಬಂಧನ’ ಎಂಬ ಶೀರ್ಷಿಕೆಯನ್ನು ಮಕ್ಕಳ ಮುಂದಿಟ್ಟು ನೋಡಿ. ‘ಕದ್ದಿದ್ದ’ ಎಂದಾಗಲೇ ತೀರ್ಪು ಮುಗಿದುಹೋಯಿತು. ಆಮೇಲೆ ಬರುವ ‘ಆರೋಪಿ’ಗೆ ಉಳಿದ ಅರ್ಥವೇನು? ಅದನ್ನು ‘ಸರ ಕದ್ದ ಆರೋಪದ ಮೇಲೆ ಬಂಧಿತನಾದ ವ್ಯಕ್ತಿ’ ಎಂದು ಮಕ್ಕಳ ಕೈಯಲ್ಲೇ ತಿದ್ದಿಸಿದರೆ, ವಕೀಲರು ಏಕೆ ಬೇಕು ಎಂಬ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಳ್ಳುತ್ತಾರೆ.

20(3)ಕ್ಕೆ ನೀವು ಕೊಟ್ಟ ಪದಗುಚ್ಛ ಸಾಲದು, ಏಕೆಂದರೆ ಅದರಲ್ಲಿ ‘ಬಲವಂತ’ ಎಂಬ ಮಾತೇ ಇಲ್ಲ. ತಪ್ಪೊಪ್ಪಿಕೊಳ್ಳುವುದನ್ನೇ ಸಂವಿಧಾನ ತಡೆಯುತ್ತದೆ ಎಂದು ಓದಿಕೊಳ್ಳಲು ಅದು ಎಡೆಮಾಡಿಕೊಡುತ್ತದೆ. ‘ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸುವಂತಿಲ್ಲ’ ಎಂದು ಪೂರ್ಣ ವಾಕ್ಯವನ್ನೇ ಬರೆಯಿರಿ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ: ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದು ಹೇಳಿತು.

22ನೆಯ ವಿಧಿಯಲ್ಲಿ ‘ದಂಡಾಧಿಕಾರಿ’ ಎಂದು ಬರೆಯಬೇಡಿ, ದಂಡ ಎಂಬುದು ಕಣ್ಣಿಗೆ ಬಿದ್ದೊಡನೆ ಮಕ್ಕಳು ಶಿಕ್ಷೆ ಎಂದುಕೊಳ್ಳುತ್ತಾರೆ, ‘ಮ್ಯಾಜಿಸ್ಟ್ರೇಟ್’ ಸಾಕು. ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾದ ಗಡುವು, ಪ್ರಯಾಣಕ್ಕೆ ಬೇಕಾಗುವ ಸಮಯ ಬಿಟ್ಟು 24 ಗಂಟೆ ಎಂಬುದನ್ನು ಮರೆಯಬೇಡಿ.

ಉತ್ತರ 2 (ಮತ್ತೆ)

ಹೀಗೆ ಒಂದೊಂದಾಗಿ ಹೊರಗಿನ ಪದ ಸೇರಿಸುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯಗಳಷ್ಟೇ.

ಉತ್ತರ 3 (ಮತ್ತೆ)

ಒಪ್ಪುವುದಿಲ್ಲ. ವಕೀಲ, ಜಾಮೀನು, ದಸ್ತಗಿರಿ, ಖುಲಾಸೆ ಇವೆಲ್ಲ ಅರಬ್ಬಿ-ಪಾರಸಿಗಳಿಂದ ಬಂದವು. ಆದರೆ ಮಗನನ್ನು ಠಾಣೆಗೆ ಕರೆದೊಯ್ದ ರಾತ್ರಿ ಅಕ್ಷರ ಬಾರದ ತಾಯಿ ಬಾಯ್ತುಂಬ ಆಡುವುದು ಇವೇ ಪದಗಳನ್ನು. ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ಬಂಧಿತನಿಗೆ ಮುನ್ನೆಚ್ಚರಿಕೆ ಬಂಧನದ (ಮುಂದೆ ತಪ್ಪು ಮಾಡದಂತೆ ತಡೆಯಲು ಮೊದಲೇ ಬಂಧಿಸುವುದು) ಕಾರಣಗಳನ್ನು ಇಂಗ್ಲಿಷಿನಲ್ಲೇ ಬರೆದುಕೊಟ್ಟದ್ದು ಸಾಲದೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಆತನನ್ನು ಬಿಡುಗಡೆ ಮಾಡಿಸಿತು. ಅಲ್ಲಿ ಕೇಳಿದ್ದು ಭಾಷೆಯ ಶುದ್ಧಿಯನ್ನಲ್ಲ, ಅದು ಆತನಿಗೆ ಅರ್ಥವಾಗುತ್ತದೆಯೇ ಎಂಬುದನ್ನು. ಇದೇ ಒರೆಗಲ್ಲು ನಮ್ಮ ಗೋಡೆಹಾಳೆಗೂ ಸಲ್ಲಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ತಲೆಬರಹವನ್ನು ‘ಆರೋಪ ಹೊತ್ತವರಿಗೆ ಸಂವಿಧಾನ ಕೊಟ್ಟ ರಕ್ಷಣೆ’ ಎಂದು ಬದಲಿಸಿ, ಒಳಗೆ ‘ಆರೋಪಿ’ಯನ್ನೇ ಉಳಿಸಿದ್ದೇನೆ. ಶೀರ್ಷಿಕೆ ತಿದ್ದುವ ಕೆಲಸವನ್ನು ಇಂದು ತರಗತಿಯಲ್ಲಿ ಕೊಟ್ಟೆ. ಅದೇ ಹುಡುಗಿ ‘ಕದ್ದಿದ್ದ’ ಎಂಬುದನ್ನು ಹೊಡೆದು, ‘ಕದ್ದಿದ್ದಾನೆಂದು ಪೊಲೀಸರು ಹೇಳುವ’ ಎಂದು ಬರೆದುಕೊಟ್ಟಳು. ಹಾಳೆಯ ಮೂಲೆಯಲ್ಲಿ ಅವಳ ಆ ವಾಕ್ಯಕ್ಕೂ ಜಾಗ ಮಾಡಿದ್ದೇನೆ.