ಲೋಡ್ ಬಂದ ದಿನ ಬಿಲ್ಲಿಂಗ್ ನಿಂತುಹೋಗುತ್ತದೆ. ಗೋಡೌನ್‌ಗೆ ಎಷ್ಟು ಹುಡುಗರು ಬೇಕು?

ತುಮಕೂರು ಮ್ಯಾನೇಜರ್:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಸೂಪರ್ ಮಾರ್ಕೆಟ್ ನೋಡಿಕೊಳ್ಳುತ್ತೇನೆ. ದೊಡ್ಡದೇನಲ್ಲ, ನಾಲ್ಕು ಬಿಲ್ಲಿಂಗ್ ಕೌಂಟರ್. ಹಿಂದುಗಡೆ ಗೋಡೌನ್ ಅಂತ ಕರೆಯುವುದು 12ಕ್ಕೆ 20 ಅಡಿಯ ರೂಮು, ಅದರಲ್ಲೇ ಹಬ್ಬದ ಸ್ಟ್ಯಾಂಡುಗಳು, ಮುರಿದ ಟ್ರಾಲಿ, ಜನರೇಟರಿನ ಡೀಸೆಲ್ ಕ್ಯಾನು ಎಲ್ಲಾ.

ಕಷ್ಟ ಇರುವುದು ತಿಂಗಳ ಮೊದಲ ವಾರ. ಸಂಬಳ ಆಗಿರುತ್ತದೆ, ಜನ ತಿಂಗಳ ಸಾಮಾನಿಗೆ ಬರುತ್ತಾರೆ, ಅದೇ ಹೊತ್ತಿಗೆ ಸರಿಯಾಗಿ ಲೋಡೂ ಬರುತ್ತದೆ. ಈ ಸಲ ಬೆಳಿಗ್ಗೆ 11ಕ್ಕೆ ಈಚರ್ ಲಾರಿ ಬಂತು. ಸೋನಾ ಮಸೂರಿ 26 ಕೆಜಿಯದು 120 ಚೀಲ, ಸಕ್ಕರೆ 50 ಕೆಜಿಯದು 20 ಮೂಟೆ, ಎಣ್ಣೆ 60 ಬಾಕ್ಸ್. ಗೋಡೌನ್‌ಗೆ ಇರುವವರು ಇಬ್ಬರು, ಅದರಲ್ಲಿ ಒಬ್ಬ ಊರ ಜಾತ್ರೆಗೆ ಹೋಗಿದ್ದ. ರ್ಯಾಕ್ ತುಂಬುವ ಇಬ್ಬರನ್ನೂ ಬಿಲ್ಲಿಂಗಿನಿಂದ ಒಬ್ಬನನ್ನೂ ಎಳೆದುಕೊಂಡೆ. ಕ್ಯೂ ಸೋಪಿನ ರ್ಯಾಕ್ ತನಕ ಬಂತು, ಎರಡು ಟ್ರಾಲಿಯನ್ನು ಜನ ಅಲ್ಲೇ ಬಿಟ್ಟು ಹೋದರು. ಹೊಸ ಚೀಲಗಳನ್ನೆಲ್ಲ ಹಳೇ ಗೋಧಿ ಹಿಟ್ಟಿನ ಮುಂದೆ ಪೇರಿಸಿಬಿಟ್ಟಿದ್ದಾರೆ, ಅದು ಎಕ್ಸ್‌ಪೈರಿ ಆದ ಮೇಲೆ ಸಿಕ್ಕಿತು. ಒಬ್ಬ ಹುಡುಗನಿಗೆ ಸೊಂಟ ಹಿಡಿದು ಮೂರು ದಿನ ರಜೆ.

ಇನ್ನಿಬ್ಬರನ್ನು ಕೊಡಿ ಅಂದರೆ ಓನರ್ ಕೇಳುತ್ತಾರೆ, ಮಿಕ್ಕ 25 ದಿನ ಅವರಿಗೇನು ಕೆಲಸ ಅಂತ. ಅವರು ಹೇಳುವುದೂ ಸುಳ್ಳಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಯಾರ್ಡ್ ಅನುಭವಿ:
ಬೆಂಗಳೂರಿನ ಯಶವಂತಪುರ ಮಾರುಕಟ್ಟೆ ಯಾರ್ಡ್‌ನಲ್ಲಿ ಹೋಲ್‌ಸೇಲ್ ಅಂಗಡಿಯಲ್ಲಿ ಎಂಟು ವರ್ಷ ಇದ್ದೆ. ಜನ ಜಾಸ್ತಿ ಮಾಡಬೇಡಿ, ಲೋಡ್ ದಿನಕ್ಕೆ ಹಮಾಲಿಗಳನ್ನು ಕರೆಸಿ. ಚೀಲದ ಲೆಕ್ಕದಲ್ಲಿ ಕೂಲಿ ಮೊದಲೇ ಮಾತಾಡಿ, ಇಳಿಸುವ ಕೂಲಿ ನಿಮ್ಮದೋ ಗಾಡಿಯವರದೋ ಅನ್ನುವುದನ್ನೂ ಆರ್ಡರ್ ಕೊಡುವಾಗಲೇ ಕೇಳಿಕೊಳ್ಳಿ. ಬಾಗಿಲಲ್ಲಿ ನಿಂತು ಜಗಳ ಆಡಿದರೆ ಅರ್ಧ ಗಂಟೆ ಹೋಯಿತು.

ಇನ್ನೊಂದು ಮಾತು. ಹಮಾಲಿಗಳು ಕೆಲಸ ಮಾಡುವುದನ್ನು ಒಂದು ದಿನ ಸುಮ್ನೆ ನಿಂತು ನೋಡಿ. ಅವರು ಮೂಟೆಯನ್ನು ನೆಲದಿಂದ ಎತ್ತುವುದು ಕಡಿಮೆ. ಒಬ್ಬ ಗಾಡಿ ಮೇಲೆ ನಿಂತು ತುದಿಗೆ ಎಳೆದು ಕೊಡುತ್ತಾನೆ, ಕೆಳಗಿನವನು ಬೆನ್ನು ಕೊಟ್ಟು ತೆಗೆದುಕೊಂಡು ಸೀದಾ ಅಟ್ಟಿಗೆ ಹಾಕುತ್ತಾನೆ. ನಿಮ್ಮ ಹುಡುಗರು ಮೊದಲು ಗಾಡಿಯಿಂದ ನೆಲಕ್ಕೆ ಇಳಿಸಿ, ಆಮೇಲೆ ಬಗ್ಗಿ ಎತ್ತಿರುತ್ತಾರೆ. ಸೊಂಟ ಹಿಡಿಯದೆ ಇನ್ನೇನು? ಅಟ್ಟಿ ಹಾಕುವಾಗ ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಚೀಲದ ಬಾಯಿ ಒಳಗಡೆಗೆ. ಆಗ ಜಾರುವುದಿಲ್ಲ.

(2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ 5% ಜಿಎಸ್‌ಟಿ ಹಾಕಿದ ಮೇಲೆ 26 ಕೆಜಿ ಚೀಲ ಬಂತಲ್ವಾ. ತೆರಿಗೆ ಉಳಿಯಿತು, ಆ ಒಂದು ಕೆಜಿ ಹೊರುವವನ ಬೆನ್ನಿಗೆ ಬಂತು.)

ಉಡುಪಿ ಅಕ್ಕ:
ನಾನು ಅಂಗಡಿಯಲ್ಲಿ ಇನ್ವರ್ಡ್, ಅಂದರೆ ಒಳಗೆ ಬರುವ ಮಾಲು ನೋಡಿಕೊಳ್ಳುವವಳು, ಅದಕ್ಕೇ ಹೇಳುತ್ತೇನೆ, ನೀವು ಜನರನ್ನು ಎಣಿಸುತ್ತಿದ್ದೀರಿ, ಎತ್ತುವುದನ್ನು ಎಣಿಸಿ. ನಿಮ್ಮ ಲೋಡ್ ಹತ್ತಿರ ಹತ್ತಿರ 4.7 ಟನ್. ಗಾಡಿಯಿಂದ ಇಳಿಸಲು ಒಂದು ಸಲ, ಗೋಡೌನಿನಲ್ಲಿ ಪೇರಿಸಲು ಒಂದು ಸಲ, ಅಲ್ಲಿಂದ ಅಂಗಡಿಗೆ ತರಲು ಮತ್ತೊಂದು ಸಲ. 14 ಟನ್ ಆಯಿತು! ನಾಲ್ಕು ಜನರನ್ನು ಹಾಕಿದರೂ ಅಷ್ಟೇ ತೂಕ.

ನಮ್ಮಲ್ಲಿ ಅಕ್ಕಿ ಗೋಡೌನ್‌ಗೆ ಹೋಗುವುದೇ ಇಲ್ಲ. ಅಂಗಡಿಯೊಳಗೆ ಅಕ್ಕಿಯ ಜಾಗದಲ್ಲೇ ಪ್ಯಾಲೆಟ್ (ಮಾಲು ನೆಲಕ್ಕೆ ತಾಗದ ಹಾಗೆ ಇಡುವ ಹಲಗೆ ಚೌಕಟ್ಟು) ಹಾಕಿದ್ದೇವೆ, ಗಾಡಿಯಿಂದ ಸೀದಾ ಅಲ್ಲಿಗೆ. ಗಿರಾಕಿ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಹಿಂದಿನ ರೂಮಿಗೆ ಹೋಗುವುದು ಬಾಕ್ಸ್ ಮಾಲು ಮಾತ್ರ, ಅದಕ್ಕೂ ತಾರೀಕನ್ನು ಮಾರ್ಕರ್‌ನಲ್ಲಿ ದಪ್ಪಕ್ಕೆ ಬರೆದು ಬರೆದ ಬದಿ ಮುಂದೆ ಬರುವ ಹಾಗೆ ಇಡುವುದು. ಹಳೇದನ್ನು ಹೊರಗೆ ಎಳೆಯದೆ ಹೊಸದು ಒಳಗೆ ಹೋಗಕೂಡದು. ಎಣಿಸಿ ಸಹಿ ಹಾಕುವವರು ಒಬ್ಬರೇ ಇರಲಿ, ಅವರು ಚೀಲ ಮುಟ್ಟಬಾರದು. ಹೊರುತ್ತಾ ಎಣಿಸಿದರೆ ಎರಡು ಚೀಲ ಕಡಿಮೆ ಬಂದದ್ದು ರಾತ್ರಿ ಗೊತ್ತಾಗುತ್ತದೆ.

ಮತ್ತೆ 120 ಚೀಲ ಒಟ್ಟಿಗೆ ಯಾಕೆ ತರಿಸಿದಿರಿ? ಜಾಸ್ತಿ ತಗೊಂಡರೆ ರೇಟು ಕಡಿಮೆ ಅನ್ನುವ ಸ್ಕೀಮ್ ಇತ್ತಾ? ಸ್ಕೀಮಿನಲ್ಲಿ ಉಳಿದದ್ದು ಆ ಎರಡು ಟ್ರಾಲಿ ಗಿರಾಕಿಗಳ ಜೊತೆ ಹೋಯಿತು ಅಂದುಕೊಳ್ಳಿ. ಡೀಸೆಲ್ ಕ್ಯಾನನ್ನು ಹಿಟ್ಟಿನ ಪಕ್ಕ ಇಟ್ಟಿದ್ದೀರಲ್ಲ ಮಾರಾಯ್ರೆ, ಮೊದಲು ಅದನ್ನು ಹೊರಗೆ ಹಾಕಿ. ಫುಡ್ ಇನ್ಸ್‌ಪೆಕ್ಟರ್ ಬಂದರೆ ಚೀಲ ನೆಲಕ್ಕೂ ಗೋಡೆಗೂ ತಾಗಿದ್ದಕ್ಕೇ ಬೈಯುತ್ತಾರೆ, ಇದನ್ನು ಕಂಡರೆ ಕೇಳುವುದೇ ಬೇಡ.

ಕೆನಡಾದಲ್ಲಿರುವ ಹಾಸನದವ:
ಓದುತ್ತಾ ಇಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಮಾಲು ಪ್ಯಾಲೆಟ್ ಮೇಲೇ ಬರುತ್ತದೆ, ಅಂಗಡಿ ಮುಚ್ಚಿದ ಮೇಲೆ ಪ್ಯಾಲೆಟ್ ಎತ್ತುವ ಕೈಗಾಡಿಯಲ್ಲಿ ಎಳೆದು ಆಯಾ ಸಾಲಿಗೆ ಬಿಟ್ಟು ರ್ಯಾಕ್‌ಗೆ ತುಂಬುವುದು. ಕೇಳೋಕೆ ಚೆನ್ನಾಗಿದೆ. ಇಲ್ಲೂ ಜನ ಕಡಿಮೆ ಮಾಡಿದ ವಾರ ಹಿಂದಿನ ರೂಮಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಗಿರಾಕಿ ಕೇಳಿದ್ದು ಅಲ್ಲೇ ಎಲ್ಲೋ ಇದೆ ಅಂತ ಗೊತ್ತು, ತೆಗೆಯಲು ಆಗದು. ಗುರು, ನೀವು ಕೈಗಾಡಿ ತಗೊಳ್ಳುವ ಮುಂಚೆ ಹಿಂಬಾಗಿಲಿನಲ್ಲಿ ಮೆಟ್ಟಿಲು ಇದೆಯಾ ನೋಡಿ. ಅದರ ಚಕ್ರ ಚಿಕ್ಕದು, ಮೆಟ್ಟಿಲು ಹತ್ತುವುದಿಲ್ಲ.

ತುಮಕೂರು ಮ್ಯಾನೇಜರ್:
ಮೆಟ್ಟಿಲು ಇದೆ! ಆರು ಇಂಚು. ಸದ್ಯ, ಕೊಟೇಶನ್ ತರಿಸಿದ್ದೆ, ನಿಲ್ಲಿಸಿದೆ. ಎರಡು ಚಕ್ರದ ಟ್ರಾಲಿಗೆ ಹಲಗೆ ಇಳಿಜಾರು ಮಾಡಿಸುತ್ತೇನೆ.

ಅಕ್ಕ, ಹೌದು, ಸ್ಕೀಮೇ. ಬೈದಿದ್ದು ಸರಿ. ಡಿಸ್ಟ್ರಿಬ್ಯೂಟರ್ ಹತ್ತಿರ ಮಾತಾಡಿದೆ. ಬೆಳಿಗ್ಗೆ 7ಕ್ಕೇ ಲೋಡ್ ಕಳಿಸಿ ಅಂದೆ, ಆಗಲ್ಲ ಅಂದರು, ಮಧ್ಯಾಹ್ನ 2ರ ಮೇಲೆ ಕಳಿಸುತ್ತಾರಂತೆ. 2ರಿಂದ 4 ನಮಗೆ ಗಿರಾಕಿ ಇಲ್ಲದ ಹೊತ್ತು, ಆಗಬಹುದು. ಅಕ್ಕಿ 60, 60 ಎರಡು ಸಲ. ಓನರ್ ಆರು ಪ್ಯಾಲೆಟ್‌ಗೂ ಹಮಾಲಿ ಕೂಲಿಗೂ ಒಪ್ಪಿದರು. ಹೊಸ ಹುಡುಗರಿಗೆ ಮಾತ್ರ ಒಪ್ಪಲಿಲ್ಲ, ಒಬ್ಬ ರಜೆ ಹಾಕಿದರೆ ಏನು ಅನ್ನುವುದು ಹಾಗೇ ಉಳಿದಿದೆ.

2ನೇ ತಾರೀಕು ಮೊದಲ 60 ಚೀಲ ಬರುತ್ತವೆ. ಹೇಗಾಯಿತು ಅಂತ ಬಂದು ಬರೆಯುತ್ತೇನೆ. ಡೀಸೆಲ್ ಕ್ಯಾನು ಇವತ್ತೇ ಹೊರಗೆ ಹೋಯಿತು.