ಬಾವಿಯಲ್ಲಿ ಸಿಕ್ಕ ಬಿಳಿ ಪದರ ಜ್ವಾಲಾಮುಖಿ ಬೂದಿಯಾ?

ಪ್ರಶ್ನೆ (ತೀರ್ಥಹಳ್ಳಿ): ಬಾವಿ ತೋಡುವಾಗ ಜಂಬಿಟ್ಟಿಗೆ ಕಲ್ಲಿನ ಅಡಿಗೆ ಬೆಳ್ಳನೆ ನುಣುಪು ಪದರ ಸಿಕ್ಕಿದೆ. ಆಂಧ್ರದ ಜ್ವಾಲಾಪುರದಲ್ಲಿ ಟೋಬಾ ಜ್ವಾಲಾಮುಖಿಯ ಬೂದಿ ಇದೆಯಂತಲ್ಲ, ಇದೂ ಅದೇನಾ? ಅಡಿಕೆ ಬುಡಕ್ಕೆ ಹಾಕಬಹುದಾ?

ಉತ್ತರ (ಭೂವಿಜ್ಞಾನ): ಜಂಬಿಟ್ಟಿಗೆಯ ಅಡಿಯದ್ದಾದರೆ ಬಹುತೇಕ ಶೇಡಿ ಮಣ್ಣೇ. ಅಲ್ಲೇ ಇದ್ದ ಬಂಡೆ ಮಳೆನೀರಿಗೆ ಕರಗಿ ಉಳಿದ ಕೆಯೊಲಿನ್ ಎಂಬ ಬಿಳಿ ಜೇಡಿ ಅದು. ಟೋಬಾ ಬೂದಿ ಸುಮಾರು 74 ಸಾವಿರ ವರ್ಷದ ಹಿಂದೆ ಸುಮಾತ್ರಾದಿಂದ ಗಾಳಿಯಲ್ಲಿ ಬಂದದ್ದು. ಹೊಳೆದಂಡೆಯ ಮೆಕ್ಕಲಿನ ನಡುವೆ ಸಿಗುತ್ತದೆ, ಬಂಡೆ ಕೊಳೆತ ಪದರದಲ್ಲಲ್ಲ.

ಒದ್ದೆ ಮಾಡಿ ಉಂಡೆ ಕಟ್ಟಿ ನೋಡಿ. ಶೇಡಿ ಅಂಟಾಗಿ ನಿಲ್ಲುತ್ತದೆ. ಕೊಳೆತು ಜೇಡಿಯಾಗದ ಬೂದಿ ಪುಡಿಪುಡಿಯಾಗಿ ಬೆರಳಿಗೆ ಕರಕರ ಅನ್ನುತ್ತದೆ. ಖಚಿತವಾಗಬೇಕಾದರೆ ಎಕ್ಸ್‌ಆರ್‌ಎಫ್ (ಎಕ್ಸ್‌-ಕಿರಣದಿಂದ ಯಾವ ಧಾತು ಎಷ್ಟಿದೆ ಎಂದು ತಿಳಿಯುವ ಪರೀಕ್ಷೆ) ಮಾಡಿಸಿ. ಜ್ವಾಲಾಮುಖಿ ಬೂದಿ ಎಂದರೆ ಬಹುಪಾಲು ಗಾಜಿನ ಚೂರು; ಟೋಬಾ ಬೂದಿಯ ಗಾಜಿನಲ್ಲಿ ಸಿಲಿಕಾ ಸುಮಾರು 77%, ಅಲ್ಯೂಮಿನಾ 12-13%, ಪೊಟ್ಯಾಷ್ 5%, ಸೋಡಾ 3% ಆಸುಪಾಸು. ಜೊತೆಗೆ ಸ್ವಲ್ಪ ಬಯೊಟೈಟ್ (ಕಪ್ಪು ಅಭ್ರಕ), ಸ್ಫಟಿಕ, ಫೆಲ್ಡ್‌ಸ್ಪಾರ್, ಜಿರ್ಕಾನ್ ಖನಿಜಗಳು. ಶೇಡಿಯ ಮುಖ್ಯ ಖನಿಜವಾದ ಕೆಯೊಲಿನೈಟ್ ಶುದ್ಧವಾಗಿದ್ದರೆ ಅದರಲ್ಲಿ ಸಿಲಿಕಾ 46.5%, ಅಲ್ಯೂಮಿನಾ 39.5%, ಉಳಿದ 14% ನೀರು. ಪೊಟ್ಯಾಷ್ ಇಲ್ಲವೇ ಇಲ್ಲ. ಮೊದಲು ಅಲ್ಯೂಮಿನಾ, ಪೊಟ್ಯಾಷ್ ಎರಡನ್ನೇ ನೋಡಿ. ಮರಳು ಬೆರೆತರೆ ಸಿಲಿಕಾ ಏರಿ ಮೋಸ ಮಾಡುತ್ತದೆ.

ಪ್ರಶ್ನೆ (ಸಾಗರ): ಗದ್ದೆ ಮಣ್ಣಿನಲ್ಲಿ ಸೂಕ್ಷ್ಮದರ್ಶಕದಡಿ ಗಾಜಿನಂಥ ಚೂರು ಕಂಡಿವೆ. ಧ್ರುವೀಕೃತ ಬೆಳಕಿನಲ್ಲಿ ಅಡ್ಡ ಫಿಲ್ಟರ್ ಹಾಕಿದರೆ ಕಪ್ಪಾಗುತ್ತವೆ. ಬೂದಿಯೇ ತಾನೆ?

ಉತ್ತರ: ಕಪ್ಪಾದರೆ ಸಾಲದು. ಭತ್ತ, ಬಿದಿರು, ಹುಲ್ಲಿನ ಎಲೆಯೊಳಗಿನ ಸಿಲಿಕಾ ಕಣಗಳೂ (ಫೈಟೋಲಿತ್) ಹಾಗೇ ಕಪ್ಪಾಗುತ್ತವೆ, ಮಲೆನಾಡಿನ ಗದ್ದೆಯಲ್ಲಿ ಅವು ರಾಶಿ ರಾಶಿ. ಆಕಾರ ನೋಡಿ: ಬೂದಿಯದ್ದು ಒಡೆದ ಗುಳ್ಳೆಯ ಗೋಡೆಯಂತೆ ಬಾಗಿದ, ಮೂರು ಕವಲಿನ ಚೂಪು ಚೂರು; ಫೈಟೋಲಿತ್‌ಗೆ ಡಂಬೆಲ್, ಬೀಸಣಿಗೆಯಂಥ ಒಂದೇ ಅಚ್ಚಿನ ರೂಪ. ವಕ್ರೀಭವನಾಂಕವೂ (ಬೆಳಕನ್ನು ಬಾಗಿಸುವ ಅಳತೆ) ಬೇರೆ: ಟೋಬಾ ಗಾಜಿನದ್ದು 1.50ರ ಆಸುಪಾಸು, ಫೈಟೋಲಿತ್‌ನದ್ದು 1.47ರೊಳಗೆ. ಮಾದರಿಯನ್ನು ಕುಟ್ಟಬೇಡಿ, ಚೂರುಗಳ ಅಂಚೇ ಗುರುತು. ನೀರಲ್ಲಿ ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ಮೆಲ್ಲಗೆ ತೊಳೆಯಿರಿ. ಕೆಳಗೆ ಇಳಿದದ್ದನ್ನು ಚೆಲ್ಲಬೇಡಿ, ದೂರ ಬಂದ ಬೂದಿಯ ಬಹುಪಾಲು ಅದರಲ್ಲೇ ಇರುತ್ತದೆ.

ಪ್ರಶ್ನೆ (ಹೊಸನಗರ): ಚನ್ನಗಿರಿ ಕಡೆಯ ದಾಗಿನಕಟ್ಟೆ ಬಂಡೆಯೂ ಜ್ವಾಲಾಮುಖಿಯದ್ದೇ ಅಂತಾರಲ್ಲ?

ಉತ್ತರ: ಹೌದು, ಆದರೆ ಅದರ ವಯಸ್ಸು ಸುಮಾರು 260 ಕೋಟಿ ವರ್ಷ. ಅಷ್ಟು ಕಾಲ ಗಾಜು ಗಾಜಾಗಿ ಉಳಿಯುವುದಿಲ್ಲ, ಸ್ಫಟಿಕ, ಫೆಲ್ಡ್‌ಸ್ಪಾರ್, ಅಭ್ರಕವಾಗಿ ಮಾರ್ಪಡುತ್ತದೆ.

ಇನ್ನು ಮೊದಲ ಪ್ರಶ್ನೆಯ ಅಡಿಕೆಯ ವಿಚಾರ: ಶೇಡಿಯಿಂದ ಪೋಷಕಾಂಶ ಸಿಗದು. ನಿಜವಾದ ಬೂದಿಯ ಪೊಟ್ಯಾಷ್ ಕೂಡ ಗಾಜಿನೊಳಗೆ ಬಂದಿ, ಬೇರಿಗೆ ಬೇಗ ದಕ್ಕುವುದಿಲ್ಲ. ಒಲೆಯ ಬೂದಿಯೇ ವಾಸಿ, ಅದರ ಪೊಟ್ಯಾಷ್ ನೀರಲ್ಲಿ ಕರಗುತ್ತದೆ, ಹುಳಿ ಮಣ್ಣಿಗೂ ಒಳ್ಳೆಯದು.