ಚಕ್ಕುಲಿ ಹರಕೆ: ಇದು ಭಕ್ತಿಯಾ, ವ್ಯಾಪಾರವಾ?

ಪುತ್ತೂರಿನ ಮಗಳು:
ಕಳೆದ ವಾರ ಅಮ್ಮನ ಬೆಂಡೋಲೆ ಕಾಣೆಯಾಯಿತು. ಮನೆಯಿಡೀ ಹುಡುಕಿದೆವು, ಸಿಗಲಿಲ್ಲ. ಅಮ್ಮ ನಮ್ಮ ತುಳುನಾಡಿನ ದೈವ ಕೊರಗಜ್ಜನಿಗೆ ಹೇಳಿಕೊಂಡರು, "ಅಜ್ಜಾ, ಸಿಕ್ಕಿದರೆ ಚಕ್ಕುಲಿ, ವೀಳ್ಯದೆಲೆ ಇಡುತ್ತೇನೆ" ಅಂತ. ಮರುದಿನ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ನನ್ನ ಗಂಡ "ಇದು ವ್ಯಾಪಾರ, ಭಕ್ತಿ ಅಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೇನು ಅನಿಸುತ್ತದೆ?

ಲೆಕ್ಕದ ಮೇಷ್ಟ್ರು:
ನಿಮ್ಮ ಯಜಮಾನರು ಹೇಳಿದ್ದೇ ಸರಿ ಅನಿಸುತ್ತದೆ. ಸಿಕ್ಕಿದ್ದು ಮಾತ್ರ ನಮಗೆ ನೆನಪಿರುತ್ತದೆ. ಹರಕೆ ಹೇಳಿಕೊಂಡೂ ಸಿಗದೆ ಹೋದದ್ದರ ಲೆಕ್ಕ ಯಾರೂ ಇಡುವುದಿಲ್ಲ, ಅಲ್ವಾ? ಮನಸ್ಸು ಸಮಾಧಾನವಾದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಕುತ್ತಾರ್ ದಾರಿ:
ಮೇಷ್ಟ್ರೇ, ನನ್ನ ಬೈಕ್ ಕಳವಾದಾಗ ಹರಕೆ ಹೇಳಿದ್ದೆ. ಇವತ್ತಿಗೂ ಸಿಕ್ಕಿಲ್ಲ. ಆದರೂ ಮಂಗಳೂರಿನ ಹತ್ತಿರ ಕುತ್ತಾರಿನಲ್ಲಿರುವ ಅಜ್ಜನ ಸನ್ನಿಧಿಗೆ ಹೋಗುತ್ತೇನೆ. ಅಲ್ಲಿ ಅಜ್ಜನ ಕೋಲ, ಅಂದರೆ ದೈವದ ನರ್ತನ ಸೇವೆ, ನಡೆಯುವುದು ಕತ್ತಲಲ್ಲಿ, ಬೆಳಕು ಹಾಕುವುದಿಲ್ಲ. ಆ ಕತ್ತಲಲ್ಲಿ ನಿಂತಾಗ ನನ್ನ ಮಾತು ಕೇಳಿಸಿಕೊಳ್ಳುವವರು ಒಬ್ಬರಿದ್ದಾರೆ ಅನಿಸುತ್ತದೆ. ಬೈಕಿನ ನೆನಪೇ ಬರುವುದಿಲ್ಲ.

ಕೊಪ್ಪಳದಾಂವ:
ನಮ್ಮ ಕಡೆ ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಮೊಹರಂಗೆ ಅಲಾಯಿ ದೇವರನ್ನು, ಅಂದರೆ ಪಂಜಾಗಳನ್ನು, ಕೂಡಿಸುತ್ತಾರೆ. ನಮ್ಮವ್ವ ಪ್ರತಿ ವರ್ಷ ಆ ದೇವರಿಗೆ ಸಕ್ಕರೆ ಓದಿಸಿ ಹರಕೆ ತೀರಿಸುತ್ತಾಳೆ. ಯಾಕೆ ಅಂದರೆ, "ನೀ ಹುಟ್ಟುವಾಗ ಬೇಡಿಕೊಂಡಿದ್ದೆ" ಅನ್ನುತ್ತಾಳೆ. ನನಗೀಗ 38. ವ್ಯಾಪಾರ ಆಗಿದ್ದರೆ ಲೆಕ್ಕ ಎಂದೋ ಚುಕ್ತಾ ಆಗಬೇಕಿತ್ತು.

ರಾತ್ರಿ ಪಾಳಿ ನರ್ಸ್:
ಮುಡಿಪಿನ ಗಂಟು ಹಿಡಿದು ಆಪರೇಷನ್ ಮುಗಿಯುವವರೆಗೆ ಕೂತವರನ್ನು ದಿನಾ ನೋಡುತ್ತೇನೆ. ಅದು ಅವರಿಗೆ ಆಸರೆ. ಆದರೆ ಹರಕೆ ಹೊತ್ತು ಮಾತ್ರೆ ನಿಲ್ಲಿಸಿ ಬಂದವರನ್ನೂ ನೋಡಿದ್ದೇನೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಬುಟ್ಟಿ ಹೆಣೆಯುವವನ ಮಗ:
ನಾನು ಕೊರಗ ಸಮುದಾಯದವನು. ಅಜ್ಜ ನಮ್ಮವನೇ, ದೈವವಾಗುವ ಮೊದಲು ಅವನ ಹೆಸರು ಕೊರಗ ತನಿಯ. ಎಲ್ಲರೂ ಅವನಿಗೆ ಕೈಮುಗಿಯುವಾಗ ನನಗೂ ಖುಷಿ. ಆದರೆ ಅಜಲು ಪದ್ಧತಿ ಗೊತ್ತಾ? ತಮ್ಮ ಕೇಡು ಕಳೆಯಲಿ ಅಂತ ಉಗುರು, ಕೂದಲು ಬೆರೆಸಿದ ಅನ್ನವನ್ನು ನಮ್ಮವರಿಗೆ ತಿನ್ನಿಸುತ್ತಿದ್ದರು. ಅದನ್ನು ನಿಲ್ಲಿಸಲು 2000ರಲ್ಲಿ ಕಾನೂನೇ ಬರಬೇಕಾಯಿತು. ಅದೂ ನಂಬಿಕೆಯೇ, ತಿನ್ನಿಸಿದವರೂ ದೈವಭಕ್ತರೇ. ಹರಕೆ ವ್ಯಾಪಾರವೋ ಅಲ್ಲವೋ ಅಂತ ಜಗಳ ಮಾಡುತ್ತೀರಿ. ಅಜ್ಜನಿಗೆ ಚಕ್ಕುಲಿ ಇಟ್ಟ ಕೈ ನಮ್ಮ ಅಪ್ಪನಿಗೆ ನೀರನ್ನು ಹೇಗೆ ಕೊಟ್ಟಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಮುಖ್ಯ ಅದು.

ಲೆಕ್ಕದ ಮೇಷ್ಟ್ರು:
ತಮ್ಮಾ, ನಾನು ಈ ಕಡೆಯಿಂದ ಯೋಚಿಸಿಯೇ ಇರಲಿಲ್ಲ. ದೇವರು ಇದ್ದಾನಾ ಇಲ್ಲವಾ ಅನ್ನುವುದರಲ್ಲೇ ಸಿಕ್ಕಿಕೊಂಡಿದ್ದೆ.

ಕುತ್ತಾರ್ ದಾರಿ:
ಇದು ನನಗೂ ಹೇಳಿದ ಮಾತು. ಇಷ್ಟು ವರ್ಷ ಹೋಗಿದ್ದೇನೆ, ಪಕ್ಕದ ಊರಿನ ಕೊರಗರ ಕಾಲೊನಿಗೆ ಒಂದು ದಿನವೂ ಹೋಗಿಲ್ಲ.

ಪುತ್ತೂರಿನ ಮಗಳು:
ನಾನು ಚಿಕ್ಕವಳಿದ್ದಾಗ ಬುಟ್ಟಿ ತರುತ್ತಿದ್ದ ಕೊರಗ ಅಜ್ಜಿಗೆ ನಮ್ಮ ಮನೆಯಲ್ಲಿ ಹಿತ್ತಲಲ್ಲೇ ಕೂರಿಸಿ ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಕಾಫಿ ಕೊಡುತ್ತಿದ್ದರು. ನಾನೇ ನೋಡಿದ್ದೇನೆ. ಈ ಮಾತುಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಅಜ್ಜಿಯ ಮಗಳು ಈಗ ಎಲ್ಲಿದ್ದಾಳೆ, ವಿಚಾರಿಸು" ಅಂದರು.